ಮೊರದೊಳಗೆ ಹಾರ್ಡ್ ಡಿಸ್ಕ್

ನಮ್ಮ ಮಾವನ ಮನೆತನದ ಇತಿಹಾಸವನ್ನು ಮುಂದಿನ ಏಳು ತಲೆಮಾರಿಗೆ ಉಳಿಸಿಕೊಡುವ ಮಹಾಕಾರ್ಯ ನನ್ನಿಂದಲೇ ಆಗಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿದೆ. ಸಭೆಯಲ್ಲಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ಶಿಲ್ಪ.

"ಮೊದ್ಲು ಆ ಗೀಸರ್ ಸ್ವಿಚ್ ಆಫ್ ಮಾಡಿ ಬನ್ನಿ," ಎಂದಳು.

ಮಹಾಪುರುಷರಿಗೆಲ್ಲ ಅವರವರ ಮನೆಯಲ್ಲಿ ಇದೇ ಗತಿ ಎಂದು ಸಮಾಧಾನ ಮಾಡಿಕೊಂಡು, ಸ್ವಿಚ್ ಆಫ್ ಮಾಡಿ ಬಂದು ಭಾಷಣ ಮುಂದುವರಿಸಿದೆ.

ನಾನು ಕೆಲಸ ಮಾಡುವುದು ಯಶವಂತಪುರದ ಒಂದು ವಿಮಾ ಕಚೇರಿಯಲ್ಲಿ. ವಾಸ ಸಂಜಯನಗರ. ಆದರೆ ಕೋಗಿಲಿನಲ್ಲಿರುವ ಮಾವ ಲಕ್ಕಣ್ಣನವರ ಮನೆಯಲ್ಲಿ ನನಗೆ ಕಂಪ್ಯೂಟರ್ ಪಂಡಿತ ಎಂಬ ಬಿರುದಿದೆ. ಒಮ್ಮೆ ಅವರ ಟೀವಿ ರಿಮೋಟ್ ಕೆಲಸ ಮಾಡದಿದ್ದಾಗ ನಾನು ಅದರ ಹಿಂಬದಿ ತೆಗೆದು, ತಿರುಗುಮುರುಗಾಗಿ ಕೂತಿದ್ದ ಸೆಲ್ಲುಗಳನ್ನು ಸರಿಯಾಗಿ ಹಾಕಿದೆ. ಅಂದಿನಿಂದ ಆ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನಗೇ ಫೋನ್ ಬರುತ್ತದೆ. ಹೊಗಳಿಕೆ ಅಭ್ಯಾಸವಾದ ಮೇಲೆ ಬಿಡುವುದು ಕಷ್ಟ.

ಆ ಮನೆಯ ಶೋಕೇಸಿನಲ್ಲಿ ಡೀವೀಡಿಗಳ ಗುಡ್ಡವೇ ಇತ್ತು. ಮದುವೆ, ನಾಮಕರಣ, ಕಿವಿ ಚುಚ್ಚಿಸಿದ್ದು, ಗೃಹಪ್ರವೇಶ, ಬೋರ್‌ವೆಲ್ಲಿನಲ್ಲಿ ನೀರು ಬಂದದ್ದು, ಎಲ್ಲವೂ ವಿಡಿಯೋ ಆಗಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ನಮ್ಮ ಮದುವೆಯ ಡೀವೀಡಿ. ನಾನು ವರನಾಗಿದ್ದೆ ಎಂಬ ಕಾರಣಕ್ಕಲ್ಲ. ಅದರಲ್ಲಿ ಶಿಲ್ಪಳ ಅಜ್ಜಿ, ಅಂದರೆ ಮಾವನ ತಾಯಿ ಮುನಿಕೆಂಪಮ್ಮ, ಸೋಬಾನೆ ಪದ ಹಾಡಿದ್ದರು. ನಾನು ಈ ಘೋಷಣೆ ಮಾಡಿದ ವರ್ಷವೇ, ಯುಗಾದಿಗೆ ಮುಂಚೆ, ಅಜ್ಜಿ ತೀರಿಕೊಂಡಿದ್ದರು. ಅವರ ದನಿ ಉಳಿದಿದ್ದುದು ಅದೊಂದು ಕಡೆ ಮಾತ್ರ. ನಮ್ಮ ಮನೆಯಲ್ಲಿದ್ದ ಪ್ರತಿಯನ್ನು ಯಾರೋ ನೆಂಟರು ನೋಡಿ ಕೊಡುತ್ತೇವೆಂದು ಒಯ್ದು ಕೊಡಲಿಲ್ಲ. ವಿಡಿಯೋ ತೆಗೆದ ಸ್ಟುಡಿಯೋ ರಸ್ತೆ ಅಗಲ ಮಾಡುವಾಗ ಹೋಯಿತು.

ಆ ಪದದ ಬಗ್ಗೆ ನನಗೆ ಬೇರೆಯೇ ಒಂದು ಹೆಮ್ಮೆ ಇತ್ತು. ಅಜ್ಜಿ ಅದನ್ನು ನನ್ನ ಮೇಲೆಯೇ ಕಟ್ಟಿ ಹಾಡಿದ್ದರು! ಛತ್ರದಲ್ಲಿ ಓಲಗದ ಗದ್ದಲಕ್ಕೆ ನನಗೆ ಒಂದಕ್ಷರ ಕೇಳಿಸಿರಲಿಲ್ಲ. ಹೆಂಗಸರೆಲ್ಲ ನಕ್ಕಿದ್ದು, ಶಿಲ್ಪ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಕಂಡಿತ್ತು. "ಏನಂತೆ?" ಎಂದು ಕೇಳಿದ್ದಕ್ಕೆ, "ನಿಮ್ಮನ್ನ ಹೊಗಳ್ತಿದಾರೆ," ಎಂದಿದ್ದಳು. ಅಂದಿನಿಂದ ಕಚೇರಿಯಲ್ಲಿ ಈ ವಿಷಯವನ್ನು ಹೇಳಿಸಿಕೊಳ್ಳದವರು ಯಾರೂ ಇಲ್ಲ. ಜಾನಪದದಲ್ಲಿ ಸ್ಥಾನ ಪಡೆದ ವಿಮಾ ಗುಮಾಸ್ತರು ಎಷ್ಟು ಜನ ಇದ್ದಾರು?

ಸರಿ, ಡೀವೀಡಿಗಳನ್ನೆಲ್ಲ ತಂದು ಲ್ಯಾಪ್‌ಟಾಪಿಗೆ ಇಳಿಸಿದೆ. ಮನೆಯಲ್ಲಿ ಮೂರು ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳು ಬಿದ್ದಿದ್ದವು. ಒಂದೊಂದೂ ಸೋಪಿನ ಡಬ್ಬಿಯಷ್ಟು ದೊಡ್ಡದು.

"ಒಂದು ಹೊಸದು ದೊಡ್ಡದು ತಗೊಂಡು ಎಲ್ಲಾ ಅದಕ್ಕೆ ಹಾಕಿದ್ರೆ ಆಗಲ್ವಾ?" ಎಂದಳು ಶಿಲ್ಪ.

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ," ಎಂದೆ.

ನಾನು ಮಾಡಿದ್ದು ಸ್ಟೋರೇಜ್ ಪೂಲ್! ಅಂದರೆ ಮೂರು ಡಿಸ್ಕುಗಳನ್ನು ಒಟ್ಟು ಸೇರಿಸಿ, ಕಂಪ್ಯೂಟರಿಗೆ ಒಂದೇ ದೊಡ್ಡ ಡಿಸ್ಕ್ ಎಂದು ನಂಬಿಸುವ ವಿದ್ಯೆ. ಒಂದೊಂದು ವಿಡಿಯೋವನ್ನೂ ಅದು ಚೂರುಚೂರು ಮಾಡಿ ಮೂರಕ್ಕೂ ಹಂಚಿಡುತ್ತದೆ. ಶುರುವಿನಲ್ಲಿ ಅದು ಒಂದು ಪ್ರಶ್ನೆ ಕೇಳಿತು. 'ಮಿರರ್' ಬೇಕೋ, 'ಸಿಂಪಲ್' ಬೇಕೋ? ಮಿರರ್ ಎಂದರೆ ಪ್ರತಿಯೊಂದನ್ನೂ ಎರಡೆರಡು ಕಡೆ ಬರೆದಿಡುತ್ತದೆ, ಒಂದು ಡಿಸ್ಕ್ ಸತ್ತರೂ ಏನೂ ಹೋಗುವುದಿಲ್ಲ. ಆದರೆ ಜಾಗ ಅರ್ಧಕ್ಕರ್ಧ ಖರ್ಚಾಗುತ್ತದೆ. ಕೋಗಿಲಿನಲ್ಲಿ ಸೈಟಿನ ಬೆಲೆ ಏನೆಂದು ಬಲ್ಲ ಮನೆತನದ ಅಳಿಯ ನಾನು. ಅರ್ಧ ಜಾಗವನ್ನು ಸುಮ್ಮನೆ ಬಿಟ್ಟುಕೊಡುವುದುಂಟೇ? ಸಿಂಪಲ್ ಒತ್ತಿದೆ. ಎಲ್ಲವನ್ನೂ ಪೂಲಿಗೆ ಹಾಕಿದ ಮೇಲೆ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಗಳನ್ನು ಅಳಿಸಿದೆ. ಒಂದು ವಿಡಿಯೋವನ್ನೂ ನೋಡಲಿಲ್ಲ. ಪಂಡಿತರು ನೋಡುವುದಿಲ್ಲ, ಕಾಪಿ ಮಾಡುತ್ತಾರೆ.

ಶ್ರಾವಣದ ಒಂದು ಭಾನುವಾರ ಕೋಗಿಲಿನಲ್ಲಿ ಪ್ರದರ್ಶನ. ಟೀವಿಯ ಮುಂದೆ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ದೀಪ ಮಿಣುಕಿಸುತ್ತಾ ಮೂರು ಡಬ್ಬಿ. ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಅಳಿಯಂದ್ರೇ, ಇದ್ಯಾಕೆ ಮೂರವೆ?"

"ಮಾವ, ಕೆರೆ ಪಕ್ಕ ನಿಮ್ಮ ಮೂರು ಹೊಲ ಇತ್ತಲ್ಲ. ಮಧ್ಯದ ಬದು ಕಿತ್ತು ಒಂದೇ ಹೊಲ ಮಾಡಿದ್ರಲ್ಲ? ಇದೂ ಹಂಗೇನೆ."

"ಓ, ಅಂಗೆ!" ಎಂದು ಮಾವ ತಲೆದೂಗಿದರು.

ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಲಕ್ಷ್ಮಿದೇವಮ್ಮನವರೂ ತಲೆದೂಗಿದರು. ನನ್ನ ಉಪಮೆಗೆ ಸಿಕ್ಕ ಮೆಚ್ಚುಗೆ ಎಂದು ತಿಳಿದು ನಾನು ಉಬ್ಬಿದೆ. ಅತ್ತೆಯವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ.

ನಮ್ಮ ಮದುವೆಯ ವಿಡಿಯೋ ಶುರುವಾಯಿತು. ವಧೂವರರನ್ನು ಯಾರೂ ನೋಡಲಿಲ್ಲ. ಮೂರನೇ ಸಾಲಿನಲ್ಲಿ ಕೂತ ಹಸಿರು ಸೀರೆಯ ಹೆಂಗಸು ಯಾರೆಂಬ ಚರ್ಚೆ ಹತ್ತಿಕೊಂಡಿತು. ಹಿಂದಕ್ಕೆ ಓಡಿಸು, ಮುಂದಕ್ಕೆ ಓಡಿಸು, ಇಲ್ಲಿ ನಿಲ್ಲಿಸು! ಆಕೆ ಯಾರ ಕಡೆಯವಳೆಂದು ತೀರ್ಮಾನವಾಗುವ ಮೊದಲೇ, ಅಜ್ಜಿಯ ಹಾಡು ಬರುವುದಕ್ಕೂ ಮೊದಲೇ, ಕರೆಂಟ್ ಹೋಯಿತು.

ಮಾವ ಕಪ್ಪಾದ ಟೀವಿಯಿಂದ ನನ್ನ ಕಡೆಗೆ ಕುರ್ಚಿ ತಿರುಗಿಸಿದರು. ಆಮೇಲೆ ಹೇಳಿದರು: "ಓಗ್ಲಿ ಬುಡಿ. ಇರೀಕರ ಅಬ್ಬಕ್ಕೆ ಎಡೆ ಇಕ್ಕೋವಾಗ ನಮ್ಮವ್ವನ ಪದ ಒಂದ್ ಕಿತ ಕೇಳಿಸ್ಬುಡಿ, ಸಾಕು. ಅವ್ವ ಇಲ್ದಿರೋ ಮೊದಲ್ನೇ ಅಬ್ಬ."

"ಅದು ನನ್ನ ಜವಾಬ್ದಾರಿ ಮಾವ!" ಎಂದು ಎದೆ ಮುಟ್ಟಿಕೊಂಡು ಹೇಳಿದೆ.

ಅತ್ತೆ ಖಾಲಿಯಾದ ಶೋಕೇಸ್ ತೋರಿಸಿ, "ಈ ತಟ್ಟೆಗಳ್ನೆಲ್ಲ ಏನ್ಮಾಡಾದು?" ಎಂದು ನಾನು ವಾಪಸ್ ತಂದಿದ್ದ ಡೀವೀಡಿ ಚೀಲವನ್ನು ಎತ್ತಿದರು.

"ಬಿಸಾಕಿ ಅತ್ತೆ! ಅದೆಲ್ಲ ಇನ್ನು ಕಸ!"

ಅತ್ತೆ ಯಾವುದನ್ನೂ ಬಿಸಾಡುವವರಲ್ಲ. ಹಿತ್ತಲಿನ ಸೀಬೆ ಮರಕ್ಕೆ ಗಿಣಿಗಳ ಕಾಟವಿತ್ತು. ತಟ್ಟೆಗಳು ಬಿಸಿಲಿಗೆ ಫಳಫಳ ಹೊಳೆದರೆ ಗಿಣಿ ಹೆದರುತ್ತವೆ ಎಂದು ಒಂದೊಂದಕ್ಕೂ ದಾರ ಕಟ್ಟಿ ಕೊಂಬೆಗೆ ನೇತುಹಾಕಿಸಿದರು. ದಾರ ಕತ್ತರಿಸಿ ಕೊಟ್ಟವನು ನಾನೇ. ಮೂರು ಡಬ್ಬಿಗಳನ್ನು ಅವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇಡಿಸಿ, ಪೂರ್ಣ ತೃಪ್ತಿಯಿಂದ ಮನೆಗೆ ಬಂದೆ.

ಗೌರಿ ಹಬ್ಬ ಬಂತು. ಶಿಲ್ಪ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾಗಿನ ತಂದಳು. ಮೇಲಿನ ಮೊರ ತೆಗೆದು ಒಂದೊಂದಾಗಿ ಎತ್ತಿಡುತ್ತಿದ್ದಳು. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಬಳೆ ಬಿಚ್ಚೋಲೆ, ರವಿಕೆ ಕಣ. ರವಿಕೆ ಕಣದ ಕೆಳಗೆ, ಮೈತುಂಬ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮಲಗಿತ್ತು ನನ್ನ ಹಾರ್ಡ್ ಡಿಸ್ಕ್!

"ಇದ್ಯಾಕೆ ಇಲ್ಲಿದೆ?" ಎಂದು ನಾನು ಕಿರುಚಿದೆ.

"ಅಮ್ಮ ಕೊಟ್ಳು. ಮದುವೆ ವಿಡಿಯೋ ಹೆಣ್ಮಕ್ಕಳಿಗೆ ಸೇರ್ಬೇಕಾದ್ದಂತೆ. ನನಗೊಂದು, ಮೋನಿಕಾಗೊಂದು, ಸೊಸೆ ಅಂತ ತೇಜಸ್ವಿನಿಗೊಂದು. ನಮ್ಮಮ್ಮ ಯಾವತ್ತೂ ಮಕ್ಕಳಿಗೆ ಭೇದ ಮಾಡಿದವಳಲ್ಲ," ಎಂದು ಶಿಲ್ಪ ಕಣ್ಣು ಒರೆಸಿಕೊಂಡಳು.

ಮೋನಿಕಾ ಶಿಲ್ಪಳ ತಂಗಿ, ಕೆಂಪಾಪುರದಲ್ಲಿದ್ದಾಳೆ. ತೇಜಸ್ವಿನಿ ಕೋಗಿಲಿನಲ್ಲೇ ಇರುವ ಅವರ ಅಣ್ಣನ ಹೆಂಡತಿ. ಅಂದರೆ ನನ್ನ ಅಖಂಡ ಭಂಡಾರ ಈಗ ಉತ್ತರ ಬೆಂಗಳೂರಿನ ಮೂರು ದಿಕ್ಕಿಗೆ ಹಂಚಿಹೋಗಿತ್ತು!

ಡಬ್ಬಿಯ ತೂತಿನಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳನ್ನು ಸೂಜಿಯಿಂದ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಉಳಿದ ಡ್ರೈವ್‌ಗಳನ್ನು ಜೋಡಿಸಿ ಎಂದು ಅದು ಕೆಂಪಕ್ಷರದಲ್ಲಿ ಹೇಳಿತು. ಯಂತ್ರಕ್ಕಿದ್ದ ಬುದ್ಧಿ ಶಿಲ್ಪಳಿಗೂ ಇತ್ತು.

"ಮೋನಿಕಾಗೂ ಅಮ್ಮಂಗೂ ಒಂದು ಫೋನ್ ಮಾಡಿ. ಮೂರೂ ವಾಪಸ್ ತರಿಸಿಕೊಳ್ಳಿ, ಮುಗೀತು."

"ಏನಂತ ಹೇಳ್ಲಿ? ಬೇರೆ ಬೇರೆ ಮಾಡಿದ್ರೆ ನನ್ನ ಕಟ್ಟಡ ನಿಲ್ಲಲ್ಲ ಅಂತ ಹೇಳ್ಲಾ? ಹಬ್ಬದಲ್ಲಿ ಕೊಟ್ಟ ಬಾಗಿನ ವಾಪಸ್ ಕೇಳ್ಲಾ? ನಮ್ಮ ಪಾಲಿಗೆ ಬಂದದ್ದನ್ನಾದರೂ ನಾನು ತೆರೆದೇ ತೆರೀತೀನಿ ನೋಡು!"

ಅಂತರಜಾಲದಲ್ಲಿ ನನ್ನಂಥವರು ಕೂತು ಅಳುವುದಕ್ಕೆಂದೇ ಒಂದು ಕಟ್ಟೆ ಇದೆ. ಯಾವುದೋ ದೇಶದಲ್ಲಿ ಯಾರಿಗೋ ಇದೇ ಕಷ್ಟ ಬಂದಿತ್ತು. ಇನ್ಯಾರೋ ಪುಣ್ಯಾತ್ಮ ಮೂರು ಸಾಲಿನ ಮಂತ್ರ ಬರೆದುಕೊಟ್ಟಿದ್ದ. ಕಪ್ಪು ಕಿಟಕಿ ತೆರೆದು, ಡಿಸ್ಕನ್ನು ಆರಿಸಿಕೊಂಡು, ಕೊನೆಗೆ 'ಕ್ಲೀನ್' ಎಂದು ಟೈಪ್ ಮಾಡಬೇಕು. ಹಾಗೆ ಮಾಡಿದೆ. ಡಿಸ್ಕನ್ನು ಯಶಸ್ವಿಯಾಗಿ ಕ್ಲೀನ್ ಮಾಡಲಾಗಿದೆ ಎಂದು ಯಂತ್ರ ನನ್ನನ್ನು ಅಭಿನಂದಿಸಿತು.

"ನೋಡಿದ್ಯಾ!" ಎಂದೆ.

"ವಿಡಿಯೋ ಎಲ್ಲಿ?" ಎಂದಳು.

ವಿಡಿಯೋ ಬರಲಿಲ್ಲ. ಪುಣ್ಯಾತ್ಮನ ಮಂತ್ರದ ಕೆಳಗೆ ಇನ್ನೊಬ್ಬರು ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ ಬರೆದಿದ್ದರು. ಡಿಸ್ಕಿನಲ್ಲಿ ಬೇಕಾದದ್ದು ಏನೂ ಇಲ್ಲದಿದ್ದರೆ ಮಾತ್ರ ಹೀಗೆ ಮಾಡಿ! ಅದನ್ನು ಓದಿದ್ದು ಆಮೇಲೆ.

ಮಾರನೆಯ ದಿನ ಕಚೇರಿಯಲ್ಲಿ ಮುಜಫ್ಫರ್‌ನನ್ನು ಟೀ ಕುಡಿಯಲು ಕರೆದುಕೊಂಡು ಹೋದೆ. ನಮ್ಮ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಆರ್.ಟಿ. ನಗರದವನು, ನನಗಿಂತ ಸಂಬಳ ಜಾಸ್ತಿ, ಅದನ್ನು ಮರೆಯಲು ಬಿಡುವುದಿಲ್ಲ.

"ನನ್ನ ಸ್ನೇಹಿತನೊಬ್ಬ ಪೂಲ್ ಮಾಡಿದ್ದ," ಎಂದು ಶುರುಮಾಡಿದೆ.

"ಏನ್ ಗುರು ಮಾಡ್ಕೊಂಡೆ?" ಎಂದ.

ಎಲ್ಲ ಹೇಳಿದೆ. 'ಬಾಗಿನ' ಎನ್ನುವಷ್ಟರಲ್ಲಿ ಅವನು ಟೀ ಕೆಳಗಿಟ್ಟ. 'ಕ್ಲೀನ್' ಎನ್ನುವಷ್ಟರಲ್ಲಿ ಎದ್ದು ನಿಂತ.

"ಕ್ಲೀನ್ ಅಂತ ನೀನೇ ಟೈಪ್ ಮಾಡಿದ್ಯಾ? ನಿನ್ನ ಕೈಯಾರೆ?"

"ಸ್ಪೆಲ್ಲಿಂಗ್ ಸರಿಯಾಗಿತ್ತು," ಎಂದೆ.

"ಶಿವರಾಮ್, ಪಾರ್ಟಿಶನ್ ಟೇಬಲ್ಲೇ ಒರೆಸಿ ಹಾಕಿದೀಯ ಕಣಪ್ಪ! ಡಿಸ್ಕ್‌ನಲ್ಲಿ ಯಾವ ಜಾಗ ಯಾವುದಕ್ಕೆ ಅಂತ ಬರೆದಿರೋ ಪಟ್ಟಿ ಅದು. ಒಳಗಿರೋದು ಇನ್ನೂ ಇರುತ್ತೆ, ಎಲ್ಲಿ ಶುರು ಎಲ್ಲಿ ಕೊನೆ ಅಂತ ಗೊತ್ತಾಗಲ್ಲ ಅಷ್ಟೆ. ನೋಡು, ಮಿಕ್ಕಿದ ಎರಡನ್ನ ಯಾರೂ ಮುಟ್ಟಿಲ್ಲ ಅಂದ್ರೆ ಏನಾದ್ರೂ ಪ್ರಯತ್ನ ಮಾಡ್ಬೋದು. ಓಡು!"

ಅರ್ಧ ದಿನ ರಜೆ ಹಾಕಿ ಓಡಿದೆ. ಶಿಲ್ಪಳನ್ನು ಹತ್ತಿಸಿಕೊಂಡು, ಹೆಬ್ಬಾಳದ ಫ್ಲೈಓವರಿನ ಮೇಲೆ ಸಾಕಷ್ಟು ಹೊತ್ತು ನಿಂತು ಯೋಚಿಸಿ, ಕೆಂಪಾಪುರ ಸೇರಿದೆ.

"ಬನ್ನಿ ಭಾವ!" ಎಂದು ಮೋನಿಕಾ ಬಾಗಿಲಲ್ಲೇ ಸಂಭ್ರಮಿಸಿದಳು. "ಎಂಥಾ ಗಿಫ್ಟ್ ಭಾವ ಅದು! ನಮ್ಮತ್ತೆ ನಿಮ್ಮನ್ನ ದಿನಾ ನೆನಸ್ಕೋತಾರೆ!"

ಚಪ್ಪಲಿ ಬಿಚ್ಚದೆ ಒಳಗೆ ನುಗ್ಗಿದೆ. ಡಬ್ಬಿ ಟೀವಿಯ ಕೆಳಗೆ, ಸೆಟ್ ಟಾಪ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಸುಖವಾಗಿ ದೀಪ ಮಿಣುಕಿಸುತ್ತಿತ್ತು.

"ಅದಕ್ಕೆ ಯಾಕಮ್ಮ ಸಿಕ್ಕಿಸಿದೆ?"

"ವಿಡಿಯೋ ನೋಡೋಣ ಅಂತ. ಸಿಕ್ಕಿಸಿದ್ ತಕ್ಷಣ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತು."

"ನೀನೇನಂದೆ?"

"ಪಾಪ, ಅಷ್ಟು ಮರ್ಯಾದೆಯಾಗಿ ಕೇಳ್ತಿದೆ, ಓಕೆ ಅಂದೆ. ಈಗ ಅತ್ತೆ ಸೀರಿಯಲ್ ಎಲ್ಲಾ ಅದೇ ರೆಕಾರ್ಡ್ ಮಾಡುತ್ತೆ! ನಮ್ಮ ಮದುವೆ ವಿಡಿಯೋ ಮಾತ್ರ ಯಾಕೋ ಕಾಣ್ತಿಲ್ಲ. ಎಲ್ಲಿದೆ ಭಾವ?"

ಎಲ್ಲಿದೆ! ಅಜ್ಜಿಯ ಸೋಬಾನೆಯ ಮೇಲೆ ಯಾವುದೋ ಸೊಸೆ ಯಾವುದೋ ಅತ್ತೆಯ ಹಾಲಿಗೆ ಏನನ್ನೋ ಬೆರೆಸುತ್ತಾ ಕೂತಿದ್ದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಓದಿದ ಹೆಣ್ಣುಮಕ್ಕಳು ಪರದೆಯ ಮೇಲೆ ಬಂದದ್ದನ್ನು ಓದದೆ ಗುಂಡಿ ಒತ್ತಬಾರದು, ತಂತ್ರಜ್ಞಾನ ಮಕ್ಕಳಾಟವಲ್ಲ ಎಂದು ಒಂದು ಉಪನ್ಯಾಸ ಕೊಟ್ಟೆ.

ಶಿಲ್ಪ ಸೋಫಾದಲ್ಲಿ ಕೂತು ಎಲ್ಲವನ್ನೂ ಕೇಳಿದಳು. "ಅವಳನ್ನ ಯಂತ್ರ ಕೇಳ್ತು, ಒತ್ತಿದ್ಳು. ನಿಮ್ಮನ್ನ ಯಾರ್ರೀ ಕೇಳಿದ್ರು? ನೀವಾಗ್ ನೀವೇ ಟೈಪ್ ಮಾಡಿದ್ರಿ," ಎಂದಳು.

ಮೋನಿಕಾ ಕಾಫಿ ತರಲು ಒಳಗೆ ಹೋದಳು. ಅವಳು ನಗುವುದು ಅಲ್ಲಿಗೂ ಕೇಳಿಸುತ್ತಿತ್ತು.

ಕೋಗಿಲಿನಲ್ಲಿ ತೇಜಸ್ವಿನಿ ತನ್ನ ಡಬ್ಬಿಯನ್ನು ಎಲ್ಲಿಗೂ ಸಿಕ್ಕಿಸಿರಲಿಲ್ಲ. ದೇವರ ಮನೆಯಲ್ಲಿಟ್ಟು ದಿನಾ ಒಂದು ಹೂವು ಏರಿಸುತ್ತಿದ್ದಳು. ಸುದ್ದಿ ತಿಳಿಸಲು ಮುಜಫ್ಫರ್‌ಗೆ ಫೋನ್ ಮಾಡಿದೆ.

"ಒಂದನ್ನ ನೀನು ಒರೆಸಿದೀಯ. ಒಂದರ ಮೇಲೆ ಸೀರಿಯಲ್ ಕೂತಿದೆ. ಒಂದು ಚೆನ್ನಾಗಿದೆ," ಎಂದು ಲೆಕ್ಕ ಹೇಳಿದ. "ಆ ಚೆನ್ನಾಗಿರೋದನ್ನ ಪೂಜೆ ಮಾಡೋದು ಮುಂದುವರಿಸಿ ಅಂತ ಹೇಳು. ಅಷ್ಟೇ ಉಪಯೋಗ."

ಮೂರೂ ಚೂರು ಸೇರದೆ ಒಂದು ಸಾಲೂ ಹುಟ್ಟುವುದಿಲ್ಲ. ಅದು ನನಗೂ ಗೊತ್ತಿತ್ತು. ಆದರೂ ಮುಂದಿನ ದಿನಗಳಲ್ಲಿ ನಾನು ಮಾಡದ ಪ್ರಯತ್ನವಿಲ್ಲ. ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆ. ಒಂದು ಸಾಫ್ಟ್‌ವೇರ್ ಇಡೀ ರಾತ್ರಿ ಉರುಳಿ, ಬೆಳಿಗ್ಗೆ ಒಂದೇ ಒಂದು ಚಿತ್ರವನ್ನು ಹೊರತೆಗೆಯಿತು. ಅದರ ಮೇಲರ್ಧ ಬೂದುಬಣ್ಣ, ಕೆಳಗರ್ಧ ಯಾರದೋ ಹಸಿರು ಸೀರೆಯ ಅಂಚು. ಆ ಹೆಂಗಸು ಯಾರೆಂದು ಇನ್ನು ಯಾವತ್ತಿಗೂ ತಿಳಿಯುವಂತಿಲ್ಲ.

ಮಾವ ಎರಡು ಸಲ ಫೋನ್ ಮಾಡಿದರು. "ಎಲ್ಲಾ ರೆಡಿ ಅಲ್ವರಾ ಅಳಿಯಂದ್ರೇ?" "ನಡೀತಾ ಇದೆ ಮಾವ!" ಎಂದೆ. ನಡೆಯುತ್ತಿದ್ದದ್ದು ಏನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಿಲ್ಪ ನನ್ನನ್ನೇ ನೋಡುತ್ತಿದ್ದಳು. "ನೀವೇ ಹೇಳ್ಬೇಕು. ನಾನು ಹೇಳಲ್ಲ," ಎಂದಳು. ಈ ವಿಷಯದಲ್ಲಿ ಅವಳು ತಮಾಷೆ ಮಾಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಹಿರಿಯರ ಹಬ್ಬದ ಬೆಳಿಗ್ಗೆ ಕೋಗಿಲು ಮುಟ್ಟಿದೆವು. ಮನೆತುಂಬ ಕಜ್ಜಾಯ ಕರಿಯುವ ವಾಸನೆ. ನಡುಮನೆಯಲ್ಲಿ ಅಜ್ಜಿಯ ಫೋಟೋಗೆ ಹಾರ, ಮುಂದೆ ಹೊಸ ಸೀರೆ, ಎಲೆ ಅಡಿಕೆ. ಮಾವ ಎಲ್ಲಕ್ಕಿಂತ ಮೊದಲು ಟೀವಿಯನ್ನು ಫೋಟೋ ಪಕ್ಕಕ್ಕೆ ಸರಿಸಿ, ಒರೆಸಿ, ಅದಕ್ಕೂ ಒಂದು ಹೂವು ಸಿಕ್ಕಿಸಿದ್ದರು.

"ಮಾವ, ಅಜ್ಜಿ ಪದ ಹೋಯ್ತು," ಎಂದೆ.

ಎಲ್ಲವನ್ನೂ ಹೇಳಿದೆ. ಅತ್ತೆ ಜಾಲರಿ ಸೌಟು ಹಿಡಿದೇ ಹೊರಗೆ ಬಂದರು.

"ಮೂರು ಒಲ ಸೇರ್ಸಿ ಒಂದ್ ಮಾಡಿದಂಗೆ ಅಂದ್ರಲ್ಲ ನೀವೇ? ಮತ್ತೆ ಮೂರ್ ಭಾಗ ಮಾಡಿದ್ರೆ ಏನ್ ತಪ್ಪು?"

"ಹೊಲ ಅಲ್ಲ ಅತ್ತೆ. ಮೂರು ಮನೆ ಹಿಟ್ಟು ಹಾಕಿ ತೊಳಸಿದ ಮುದ್ದೆ ಇದ್ದಂಗೆ. ಆಮೇಲೆ ನನ್ನ ಹಿಟ್ಟು ನನಗೆ ಕೊಡು ಅಂದ್ರೆ ಬರಲ್ಲ."

"ಅವತ್ತೇ ಮುದ್ದೆ ಅಂತ ಏಳಿದ್ರೆ ನಾನ್ಯಾಕೆ ಅಂಚ್ತಿದ್ದೆ?" ಎಂದರು ಅತ್ತೆ.



ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಟೀವಿಯ ಮೇಲಿದ್ದ ಹೂವನ್ನು ಸರಿಮಾಡುತ್ತಾ, "ನಮ್ಮವ್ವನ ದನಿ ಓಯ್ತಾ ಅಂಗಾರೆ?" ಎಂದರು ಮೆಲ್ಲಗೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವರ ಮುಖ ನೋಡಲಾರದೆ ಹಿತ್ತಲ ಬಾಗಿಲಿನ ಕಡೆ ತಿರುಗಿದೆ.

ಹಿತ್ತಲಲ್ಲಿ ಏನೋ ಫಳ್ಳೆಂದಿತು.

ಸೀಬೆ ಮರ! ಇಷ್ಟು ದಿನದ ಗಡಿಬಿಡಿಯಲ್ಲಿ ಅದು ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಕೊಂಬೆಕೊಂಬೆಗೂ ಶ್ರಾವಣದಲ್ಲಿ ನಾನೇ ಕಸ ಎಂದು ಕರೆದ ಇತಿಹಾಸ ಗಿರಗಿರನೆ ತಿರುಗುತ್ತಿತ್ತು. ಗಿಣಿಗಳು ಹೆದರುವುದನ್ನು ಎಂದೋ ಬಿಟ್ಟಿದ್ದವು. ಒಂದು ಗಿಣಿ ಯಾರದೋ ಗೃಹಪ್ರವೇಶದಲ್ಲಿ ಮುಖ ನೋಡಿಕೊಳ್ಳುತ್ತಾ ಹಣ್ಣು ತಿನ್ನುತ್ತಿತ್ತು.

ಹೊಸ ಬಿಳಿ ಪಂಚೆಯಲ್ಲೇ ಮರ ಹತ್ತಿದೆ. ಮಾವ ಏಣಿ ಹಿಡಿದುಕೊಂಡರು.

"ಅದ್ಯಾವ್ದು?"

"ನಾಮಕರಣ ಮಾವ!"

"ಬುಡಿ, ಮೇಲ್ಗಡೆ ಕೊಂಬೆ ನೋಡಿ!"

"ಬೋರ್‌ವೆಲ್ಲು!"

"ಅದೂ ಬ್ಯಾಡ! ಎಡಕ್ಕೆ, ಎಡಕ್ಕೆ!"

ಕೆಂಜಿಗಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ಸ್ವಾಗತಿಸಿದವು. ಎತ್ತರದಲ್ಲಿದ್ದ ತಟ್ಟೆಗಳೆಲ್ಲ ಬಿಸಿಲು ಮಳೆಗೆ ಸಿಪ್ಪೆ ಎದ್ದು ಹೋಗಿದ್ದವು. ಕೊನೆಗೆ ಕೆಳಗಿನ ಕೊಂಬೆಯಲ್ಲಿ, ಎಲೆಗಳ ಮರೆಯಲ್ಲಿ ನಮ್ಮ ಮದುವೆ ಸಿಕ್ಕಿತು. ಸ್ಟುಡಿಯೋದವರು ಅದರ ಮೇಲೆ ನಮ್ಮಿಬ್ಬರ ಫೋಟೋ ಅಚ್ಚು ಹಾಕಿದ್ದರು. ಶಿಲ್ಪ ಹಾಗೇ ಇದ್ದಳು. ನನ್ನ ಮುಖವಿದ್ದ ಜಾಗದಲ್ಲಿ ಗಿಣಿ ಕುಕ್ಕಿದ ಗುರುತು ಮಾತ್ರ ಇತ್ತು.

ಮಾವ ಕೈ ಚಾಚಿದರು, ಅವರಿಗೆ ಕೊಟ್ಟೆ. ಅದನ್ನು ಅವರು ಹಸುಗೂಸಿನಂತೆ ಒಳಗೆ ಒಯ್ದರು. ಶಿಲ್ಪ ಸೀಗೆಪುಡಿ ಬೇಡವೆಂದು ಅತ್ತೆಯನ್ನು ತಡೆದು, ಸೋಪಿನ ನೀರಿನಲ್ಲಿ ಅದ್ದಿ, ಅಜ್ಜಿಯ ಹಳೆಯ ನೂಲಿನ ಸೀರೆಯಲ್ಲಿ ಒರೆಸಿದಳು. ಅಟ್ಟದ ಮೇಲಿದ್ದ ಹಳೆಯ ಡೀವೀಡಿ ಪ್ಲೇಯರ್ ಇಳಿಸಿದರು. ನಾನು ಮುಟ್ಟಲು ಹೋದೆ.

"ನೀವು ಕೂತ್ಕೊಳಿ," ಎಂದಳು ಶಿಲ್ಪ.

ಸಂಜೆ ಎಡೆ ಇಟ್ಟರು. ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಅಜ್ಜಿಗೆ ಇಷ್ಟವೆಂದು ಒಂದು ಎಸಳು ಹೊಗೆಸೊಪ್ಪು. ಕೆಂಪಾಪುರದಿಂದ ಮೋನಿಕಾ ಬಂದಳು, ಅವಳ ಅತ್ತೆಯೂ ಬಂದರು. ನೆಂಟರಿಷ್ಟರೆಲ್ಲ ಚಾಪೆ ಹಾಸಿ ಕೂತರು. ಪ್ಲೇಯರ್ ಗರಗರ ಎಂದಿತು. ಪರದೆಯ ಮೇಲೆ ಚೌಕಚೌಕ ಬಣ್ಣ. ಧಾರೆ ಹಾರಿಹೋಯಿತು, ತಾಳಿ ಹಾರಿಹೋಯಿತು. ಮಾವ ಕೈ ಮುಗಿದುಕೊಂಡು ಕೂತಿದ್ದರು.

ಆಗ ಅಜ್ಜಿ ಕಾಣಿಸಿಕೊಂಡರು. ಬಾಯಿ ತುಂಬ ಎಲೆ ಅಡಿಕೆ, ಕೈ ಸೊಂಟದ ಮೇಲೆ. ಓಲಗದ ಗದ್ದಲವನ್ನು ಸೀಳಿಕೊಂಡು, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಪ್ರತಿ ಅಕ್ಷರವೂ ಸ್ಪಷ್ಟವಾಗಿ ನನ್ನ ಕಿವಿಗೆ ಬಿತ್ತು:

ಬಲ್ಲೆ ಬಲ್ಲೆ ಅಂತ ಬಂದವ್ನೆ ನಮ್ಮಳಿಯ
ಬೆಲ್ಲದ ಗಡಿಗೆ ಕೈಗ್ ಕೊಟ್ರೆ ಸೋಬಾನೆ
ಚೆಲ್ಲಿ ನೋಡ್ತಾನೆ ಒಳಗೇನೈತೆ ಅಂತ!

ಎಲ್ಲರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಡೀವೀಡಿ ಗಿಣಿ ಕುಕ್ಕಿದ ಜಾಗಕ್ಕೆ ಬಂದು ಸಿಕ್ಕಿಕೊಂಡಿತು.

"ಚೆಲ್ಲಿ ನೋಡ್ತಾನೆ... ಚೆಲ್ಲಿ ನೋಡ್ತಾನೆ... ಚೆಲ್ಲಿ ನೋಡ್ತಾನೆ..."

ಮೊದಲು ನಕ್ಕವರು ಮಾವ. ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುನಗುತ್ತಲೇ ಕಣ್ಣಲ್ಲಿ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. "ಅವ್ವ ಅವತ್ತೇ ಏಳವ್ಳೆ ನೋಡಿ ಅಳಿಯಂದ್ರೇ! ನೋಡಿದ್ ತಕ್ಷಣ ಏಳವ್ಳೆ!" ಎಂದರು. ಆಮೇಲೆ ಮನೆಯೇ ಎದ್ದುಬಿತ್ತು. ಮೋನಿಕಾಳ ಅತ್ತೆ ಸೀರಿಯಲ್ಲಿಗಿಂತ ಇದೇ ಚೆನ್ನಾಗಿದೆ ಎಂದರು.

ನಾನು ಶಿಲ್ಪಳ ಕಡೆ ಬಾಗಿದೆ. "ಹೊಗಳ್ತಿದಾರೆ ಅಂದಿದ್ಯಲ್ಲೇ?"

"ಮದುವೆ ಮಂಟಪದಲ್ಲಿ ಕೂತ್ಕೊಂಡು ನಿಜ ಹೇಳಕ್ಕಾಗುತ್ತೇನ್ರೀ?" ಎಂದಳು.

ಯಾರ ಮೇಲೂ ಸಿಟ್ಟು ಬರಲಿಲ್ಲ. ಮಾವ ನಗುತ್ತಿದ್ದರು, ಅಜ್ಜಿ ಹಾಡುತ್ತಿದ್ದರು. ನನಗೆ ಬೇಕಾದದ್ದೂ ಅಷ್ಟೇ ಆಗಿತ್ತು. ಆದರೆ ಅಷ್ಟಕ್ಕೇ ನಿಲ್ಲಬೇಕಲ್ಲ! ಅಜ್ಜಿಯ ಪದ ಮತ್ತೆ ಕಳೆದುಹೋಗಬಾರದೆಂದು ಚಾಪೆಯ ಮೇಲಿದ್ದವರೆಲ್ಲ ಮೊಬೈಲ್ ಎತ್ತಿ ರೆಕಾರ್ಡ್ ಮಾಡಿಕೊಂಡರು. ರಾತ್ರಿ ಊಟದ ಹೊತ್ತಿಗೆ ಅದು ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿಂದ ಯಲಹಂಕದ ನೆಂಟರ ಗುಂಪಿಗೆ, ಅಲ್ಲಿಂದ ಮೋನಿಕಾಳ ಅತ್ತೆಯ ಭಜನೆ ಗುಂಪಿಗೆ, ಅಲ್ಲಿಂದ ಊರಿನ ಯಾರ್ಯಾರಿಗೋ ಹೋಯಿತು. ಸೋಮವಾರ ಕಚೇರಿಗೆ ಹೋದಾಗ ಮುಜಫ್ಫರ್‌ನ ಫೋನ್ ರಿಂಗಾಯಿತು. "ಚೆಲ್ಲಿ ನೋಡ್ತಾನೆ... ಚೆಲ್ಲಿ ನೋಡ್ತಾನೆ..."

"ಯಾವತ್ತೂ ಬದಲಾಯಿಸಲ್ಲ ಗುರು," ಎಂದು ಮಾತು ಕೊಟ್ಟ.

ನಮ್ಮ ಮದುವೆಯ ಧಾರೆ ಹೋಯಿತು, ತಾಳಿ ಹೋಯಿತು, ಹಸಿರು ಸೀರೆ ಹೋಯಿತು. ಆದರೆ ನನ್ನ ಬಗೆಗಿನ ಆ ಮೂರು ಸಾಲಿಗೆ ಇರುವಷ್ಟು ಬ್ಯಾಕಪ್ ಇಡೀ ಬೆಂಗಳೂರಿನಲ್ಲಿ ಇನ್ಯಾವುದಕ್ಕೂ ಇಲ್ಲ.